ಕೆಕೋವಾ: ನಾನು ಬರೆದದ್ದರಲ್ಲಿ ಒಂದು ತಪ್ಪಿದೆ

ಟರ್ಕಿಯ ಅಂಟಾಲ್ಯ ಕಡೆಗೆ ಹೋಗಿ ಬಂದ ಮೇಲೆ ಅಲ್ಲಿನ ಕೆಕೋವಾ ದ್ವೀಪ ಮತ್ತು ಅದರ ದಡದಲ್ಲಿ ನೀರಲ್ಲಿ ಮುಳುಗಿರುವ ಪುರಾತನ ಊರಿನ ಬಗ್ಗೆ ಬರೆದಿದ್ದೆ. ಅದರಲ್ಲಿದ್ದ "ಮುಳುಗಿದ ಊರಿನ ಗೋಡೆಗಳ ಮೇಲೆಯೇ ಈಜಬಹುದು, ಕನ್ನಡಕ ಮರೀಬೇಡಿ" ಅನ್ನೋ ಸಾಲು ಈಗ ವಾಟ್ಸಾಪ್‌ನಲ್ಲಿ ಓಡಾಡ್ತಾ ಇದೆ. ಅದು ತಪ್ಪು. ಬರೆದವನು ನಾನೇ.

ಅವಶೇಷಗಳಿರುವ ಜಾಗದಲ್ಲಿ ನೀರಿಗಿಳಿಯುವಂತಿಲ್ಲ, ಡೈವಿಂಗ್ ಕೂಡ ಇಲ್ಲ. 1990ರಲ್ಲೇ ಆ ಪ್ರದೇಶವನ್ನು ವಿಶೇಷ ಸಂರಕ್ಷಿತ ವಲಯ ಅಂತ ಘೋಷಿಸಿದ್ದಾರೆ. ದೋಣಿಗಳು ಅಲ್ಲಿ ನಿಧಾನವಾಗಿ ಹಾದು ಹೋಗುತ್ತವೆ, ನಿಲ್ಲುವುದಿಲ್ಲ. ಈಜೋಕೆ ಇಳಿಸೋದು ಪಕ್ಕದ ಬೇರೆ ಕೊಲ್ಲಿಗಳಲ್ಲಿ, ನಾನು ಈಜಿದ್ದೂ ಅಂಥ ಒಂದು ಕಡೆಯೇ, ಬರೆಯುವಾಗ ಎರಡನ್ನೂ ಕಲಸಿಬಿಟ್ಟೆ.

ಹಾಗಂತ ನಿರಾಸೆ ಬೇಡ. ದೋಣಿಯಿಂದಲೇ ಚೆನ್ನಾಗಿ ಕಾಣುತ್ತೆ. ಬಂಡೆಯಲ್ಲಿ ಕೊರೆದ ಮೆಟ್ಟಿಲುಗಳು ಸೀದಾ ನೀರೊಳಗೆ ಇಳಿದು ಹೋಗುತ್ತವೆ, ಸುಮಾರು 1,800 ವರ್ಷದ ಹಿಂದೆ ಭೂಕಂಪಕ್ಕೆ ಕುಸಿದ ಊರು ಅದು. ಎದುರಿನ ಕಲೆಕೋಯ್ ಹಳ್ಳಿಯ ದಡದಲ್ಲಿ ಕಲ್ಲಿನ ಗೋರಿಯೊಂದು ಮೊಣಕಾಲುದ್ದದ ನೀರಲ್ಲಿ ಒಂಟಿಯಾಗಿ ನಿಂತಿದೆ, ನನಗಂತೂ ಮುಳುಗಿದ ಊರಿಗಿಂತ ಅದೇ ಜಾಸ್ತಿ ಇಷ್ಟವಾಯ್ತು.

ಅದೇ ಮೆಸೇಜಿಗೆ ಯಾರೋ "ಮಡಕೆ ಚೂರು ಸಿಕ್ಕರೆ ನೆನಪಿಗೆ ತನ್ನಿ" ಅಂತ ಸೇರಿಸಿದ್ದಾರೆ. ಅದು ನನ್ನದಲ್ಲ. ದಯವಿಟ್ಟು ತರಬೇಡಿ. ಪುರಾತನ ವಸ್ತುಗಳನ್ನು ಹೊರಗೆ ಸಾಗಿಸುವುದು ಟರ್ಕಿಯ 1983ರ ಕಾನೂನಿನ ಪ್ರಕಾರ ಅಪರಾಧ, ಜೈಲೂ ಆಗಬಹುದು.

ಹಳೇ ಮೆಸೇಜ್ ಇನ್ನು ಫಾರ್ವರ್ಡ್ ಮಾಡಬೇಡಿ. ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.