ಡ್ರೈವರ್ ಜಗಳಕ್ಕೆ ಫಾರ್ಮ್ಯಾಟ್ ಮದ್ದಲ್ಲ

ಶಿರಸಿ ಸುತ್ತಮುತ್ತಲಿನ ಸೊಸೈಟಿ, ವಖಾರಿ, ಅಂಗಡಿಗಳಲ್ಲಿ ಕಂಪ್ಯೂಟರ್ ಕೈಕೊಟ್ಟಿತೆಂದರೆ ಮೊದಲು ಕೇಳಿಬರುವ ಸಲಹೆ ‘ಫಾರ್ಮ್ಯಾಟ್ ಮಾಡಿಸಿಬಿಡಿ’ ಎಂಬುದು. ತೂಕದ ಯಂತ್ರದ ಅಂಕಿ ಪರದೆಯ ಮೇಲೆ ಬಾರದಿದ್ದರೂ ಅದೇ ಸಲಹೆ, ಬಿಲ್ ಪ್ರಿಂಟರ್ ಮುಷ್ಕರ ಹೂಡಿದರೂ ಅದೇ. ಸಾಧನಕ್ಕೂ ವಿಂಡೋಸಿಗೂ ನಡುವೆ ಮಾತುಕತೆ ನಡೆಸುವ ಚಿಕ್ಕ ತಂತ್ರಾಂಶವೇ ಡ್ರೈವರ್. ಅದರ ತೊಂದರೆಗೆ ವಿಂಡೋಸನ್ನೇ ಅಳಿಸಿ ಮತ್ತೆ ಹಾಕುವುದು ಬಹುಪಾಲು ವ್ಯರ್ಥವೆಂದು ನಾನು ನಂಬಿದ್ದೇನೆ. ಲೆಕ್ಕದ ತಂತ್ರಾಂಶ, ನುಡಿಯ ಫಾಂಟುಗಳು, ಪ್ರಿಂಟರಿನ ಕಾಗದದ ಅಳತೆ ಎಲ್ಲವನ್ನೂ ಮೊದಲಿನಿಂದ ಹೊಂದಿಸಿಕೊಳ್ಳಬೇಕು. ಅಷ್ಟರಲ್ಲಿ ವಿಂಡೋಸ್ ಅಪ್‌ಡೇಟ್ ಹಳೆಯ ತಂಟೆಕೋರ ಡ್ರೈವರನ್ನೇ ತಂದು ಕೂರಿಸಿರುತ್ತದೆ.

ವಿಂಡೋಸ್ ತಾನು ಒಮ್ಮೆ ಸ್ವೀಕರಿಸಿದ ಪ್ರತಿಯೊಂದು ಡ್ರೈವರಿನ ಪ್ರತಿಯನ್ನೂ ‘ಡ್ರೈವರ್ ಸ್ಟೋರ್’ ಎಂಬ ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತದೆ. ಹೊಸ ಸಾಧನ ಸಿಕ್ಕಿಸಿದಾಗ ಅದರ ಗುರುತಿನ ಸಂಕೇತವಾದ ಹಾರ್ಡ್‌ವೇರ್ ಐಡಿಗೆ ಯಾವ ಡ್ರೈವರ್ ಹೆಚ್ಚು ನಿಖರವಾಗಿ ಹೊಂದುತ್ತದೆ, ಅದು ನಂಬಬಹುದಾದದ್ದೆಂದು ಸಾರುವ ಡಿಜಿಟಲ್ ಸಹಿ ಇದೆಯೇ ಎಂಬುದನ್ನು ತೂಗಿ ನೋಡುತ್ತದೆ. ಎರಡು ಸರಿಸಮವಾದರೆ ದಿನಾಂಕವನ್ನೂ, ಅದೂ ಒಂದೇ ಆದರೆ ಆವೃತ್ತಿಯ ಸಂಖ್ಯೆಯನ್ನೂ ನೋಡಿ ಹೊಸತನ್ನು ಆರಿಸುತ್ತದೆ. ನಿಮ್ಮ ಯಂತ್ರಕ್ಕೆ ಒಗ್ಗುವುದು ಹಳೆಯದೇ ಆಗಿದ್ದರೂ ಈ ಲೆಕ್ಕದಲ್ಲಿ ಅದು ಸೋಲುತ್ತದೆ. ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರಿನಲ್ಲಿ ‘ಅನ್‌ಇನ್‌ಸ್ಟಾಲ್’ ಒತ್ತುವಾಗ ಡ್ರೈವರನ್ನೂ ಅಳಿಸುವ ಚೌಕಕ್ಕೆ ಗುರುತು ಹಾಕದಿದ್ದರೆ, ಜಗುಲಿಯಿಂದ ಎಬ್ಬಿಸಿದ ನೆಂಟ ಅಟ್ಟ ಹತ್ತಿ ಕುಳಿತಂತೆ, ಅದು ಸ್ಟೋರಿನಲ್ಲಿಯೇ ಉಳಿದು ಮರುಕ್ಷಣವೇ ಇಳಿದು ಬರುತ್ತದೆ. ಆದೇಶಗಳನ್ನು ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟಿನಲ್ಲಿ ‘ಪಿಎನ್‌ಪಿಯುಟಿಲ್’ (pnputil) ಎಂಬ ಆದೇಶವನ್ನು ಬಳಸಿದರೆ ಹೊರಗಿನಿಂದ ಬಂದ ಡ್ರೈವರುಗಳ ಪಟ್ಟಿ ಸಿಗುತ್ತದೆ, ಬೇಡದ್ದನ್ನು ಅಲ್ಲಿಂದಲೇ ಬುಡಸಮೇತ ತೆಗೆಯಬಹುದು. ಫಾರ್ಮ್ಯಾಟಿಗೆ ಅರ್ಧ ದಿನ ಕೊಡುವವರು ಈ ಕೆಲಸಕ್ಕೆ ಹತ್ತು ನಿಮಿಷ ಕೊಡಲು ಏಕೆ ಹಿಂಜರಿಯುತ್ತಾರೋ ತಿಳಿಯದು.

ನಮ್ಮ ಕಡೆ ಈ ತೊಂದರೆ ಹೆಚ್ಚಾಗಿ ಕಾಣುವುದು ಅಡಿಕೆ ತೂಗುವ ಜಾಗದಲ್ಲಿ. ತೂಕದ ಯಂತ್ರದ ಹಳೆಯ ಸೀರಿಯಲ್ ತಂತಿಯನ್ನು ಯುಎಸ್‌ಬಿಗೆ ಜೋಡಿಸುವ ಚಿಕ್ಕ ಕೇಬಲಿನೊಳಗೆ ಒಂದು ಚಿಪ್ ಇರುತ್ತದೆ. ಡ್ರೈವರ್ ಬೇಕಿರುವುದು ಆ ಚಿಪ್ಪಿಗೆ, ತೂಕದ ಯಂತ್ರಕ್ಕಲ್ಲ. ಅನೇಕ ಕೇಬಲುಗಳ ಚಿಪ್ಪಿನಲ್ಲಿ ಪ್ರತ್ಯೇಕ ಕ್ರಮಸಂಖ್ಯೆಯೇ ಇರುವುದಿಲ್ಲವಾದ್ದರಿಂದ, ಕಸ ಗುಡಿಸುವಾಗ ಕಿತ್ತ ಕೇಬಲನ್ನು ಪಕ್ಕದ ಪೋರ್ಟಿಗೆ ಸಿಕ್ಕಿಸಿದರೆ ವಿಂಡೋಸ್ ಅದನ್ನು ಹೊಸ ಸಾಧನವೆಂದೇ ಭಾವಿಸಿ, ಸೀರಿಯಲ್ ಪೋರ್ಟಿನ ಹೆಸರು ಕಾಮ್ 3 (COM3) ಇದ್ದಲ್ಲಿ ಕಾಮ್ 7 ಎಂಬ ಬೇರೆ ಸಂಖ್ಯೆ ಕೊಡುತ್ತದೆ. ತಂತ್ರಾಂಶ ಮಾತ್ರ ಕಾಮ್ 3ರಲ್ಲೇ ಕಿವಿಗೊಟ್ಟು ಕುಳಿತಿರುತ್ತದೆ. ರಾಶಿ, ಚಾಲಿ ಅಡಿಕೆಯ ಚೀಲಗಳು ಸಾಲಾಗಿ ನಿಂತಿರುವಾಗ ಇದನ್ನು ‘ಡ್ರೈವರ್ ಹೋಗಿದೆ’ ಎಂದು ತೀರ್ಮಾನಿಸುವುದು ಸಹಜ, ಆದರೆ ಹೋಗಿರುವುದು ಡ್ರೈವರಲ್ಲ. ಮೊದಲಿನ ಪೋರ್ಟಿಗೇ ಮರಳಿ ಸಿಕ್ಕಿಸಿದರೆ ಸಾಕು. ಇಲ್ಲವೇ ಡಿವೈಸ್ ಮ್ಯಾನೇಜರಿನಲ್ಲಿ ಅಡಗಿದ ಸಾಧನಗಳನ್ನು ತೋರಿಸುವಂತೆ ಮಾಡಿ, ಮಸುಕಾಗಿ ಕಾಣುವ ಹಳೆಯ ನಮೂದನ್ನು ತೆಗೆದು, ಪೋರ್ಟ್ ಸೆಟ್ಟಿಂಗಿನಲ್ಲಿ ಹಳೆಯ ಸಂಖ್ಯೆಯನ್ನು ಕೊಡಬಹುದು.

ಇನ್ನೊಂದು ಬಗೆಯ ತೊಂದರೆ ಮಾತ್ರ ನನಗೆ ಅನ್ಯಾಯವೆಂದೇ ತೋರುತ್ತದೆ. 2014ರಲ್ಲಿ, ಇಂಥ ಕೇಬಲುಗಳ ಚಿಪ್ ತಯಾರಿಸುವ ಎಫ್‌ಟಿಡಿಐ ಕಂಪನಿಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ಬಂದು, ನಕಲಿ ಚಿಪ್‌ಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆಯಾಗಿಸಿ ಅವನ್ನು ನಿರುಪಯೋಗಿಯಾಗಿಸಿತು. ಪ್ರತಿಭಟನೆಯ ನಂತರ ಅದನ್ನು ಹಿಂತೆಗೆದುಕೊಳ್ಳಲಾಯಿತು. ಇಂಥದೇ ಚಿಪ್ ತಯಾರಿಸುವ ಪ್ರೊಲಿಫಿಕ್ ಕಂಪನಿಯ ಹೊಸ ಡ್ರೈವರುಗಳು ಹಳೆಯ ಪಿಎಲ್2303 ಚಿಪ್‌ಗಳನ್ನು ನಡೆಸಲು ಒಪ್ಪುವುದಿಲ್ಲ, ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನ ಕಾಣಿಸುತ್ತದೆ. ನಕಲು ತಡೆಯುವ ಹಕ್ಕು ತಯಾರಕರಿಗೆ ಇದೆ, ಒಪ್ಪೋಣ. ಆದರೆ ಪೇಟೆಯ ಅಂಗಡಿಯಲ್ಲಿ ಕೇಬಲ್ ಕೊಂಡ ಸೊಸೈಟಿಯ ಗುಮಾಸ್ತನಿಗೆ ಪ್ಲಾಸ್ಟಿಕ್ಕಿನೊಳಗಿನ ಚಿಪ್ ಅಸಲಿಯೋ ನಕಲಿಯೋ ತಿಳಿಯುವ ದಾರಿಯೇ ಇಲ್ಲದಿರುವಾಗ, ಶಿಕ್ಷೆಯನ್ನು ಅವನ ಮೇಜಿನವರೆಗೆ ತರುವುದು ಯಾವ ನ್ಯಾಯ? ಹಳೆಯ ಡ್ರೈವರ್ ಹಾಕಿ ಕೆಲಸ ಸಾಗಿಸುವ ದಾರಿ ಇದೆಯಾದರೂ ಪ್ರತಿ ಅಪ್‌ಡೇಟಿನ ನಂತರ ಅದೇ ಹೋರಾಟ. ಅಸಲಿ ಚಿಪ್ಪಿನ ಕೇಬಲಿಗೆ ಒಂದಿಷ್ಟು ಹೆಚ್ಚು ಹಣ ಕೊಡುವುದೇ ಲೇಸು.

ಹಳದಿ ತ್ರಿಕೋನ ಕಂಡಾಗ ಅದರ ಗುಣಲಕ್ಷಣದ ಪುಟದಲ್ಲಿರುವ ಕೋಡನ್ನು ಓದಬೇಕು. 28 ಎಂದರೆ ಡ್ರೈವರೇ ಇಲ್ಲ. 10 ಎಂದರೆ ಸಾಧನ ಆರಂಭವಾಗಲಿಲ್ಲ. 52 ಎಂದರೆ ಡಿಜಿಟಲ್ ಸಹಿಯನ್ನು ಪರಿಶೀಲಿಸಲಾಗಲಿಲ್ಲ. 43 ಬಂದರೆ ಸಾಧನವೇ ದೋಷವನ್ನು ವರದಿ ಮಾಡಿದೆಯೆಂದು ಅರ್ಥ, ಆಗ ನಾನು ಮೊದಲು ಕೇಬಲನ್ನೂ ಪೋರ್ಟನ್ನೂ ಬದಲಿಸಿ ನೋಡುತ್ತೇನೆ, ಏಕೆಂದರೆ ನಮ್ಮ ಮಳೆಗಾಲದ ತೇವಕ್ಕೆ ಕಿಲುಬು ಹಿಡಿದ ತುದಿಯನ್ನು ಯಾವ ಡ್ರೈವರೂ ಸರಿಪಡಿಸಲಾರದು. ಪ್ರಿಂಟರಿನ ವಿಷಯದಲ್ಲಿ ಒಂದು ಮಾತು: ಪ್ರಿಂಟ್‌ನೈಟ್‌ಮೇರ್ ಎಂಬ ಭದ್ರತಾ ದೋಷದ ನಂತರ, 2021ರ ಆಗಸ್ಟಿನಿಂದ, ನೆಟ್‌ವರ್ಕಿನ ಪ್ರಿಂಟರಿಗೆ ಡ್ರೈವರ್ ಹಾಕಲು ಅಡ್ಮಿನ್ ಅನುಮತಿ ಬೇಕು, ಹಾಗೆ ಅನುಮತಿ ಕೇಳಿದರೆ ಪ್ರಿಂಟರ್ ಕೆಟ್ಟುಹೋಗಿದೆಯೆಂದು ಎಣಿಸಬಾರದು.

‘ಎಲ್ಲ ಡ್ರೈವರುಗಳನ್ನೂ ಒಂದೇ ಕ್ಲಿಕ್ಕಿನಲ್ಲಿ ನವೀಕರಿಸುತ್ತೇವೆ’ ಎನ್ನುವ ಉಚಿತ ತಂತ್ರಾಂಶಗಳನ್ನು ನಾನಂತೂ ಕಚೇರಿಯ ಯಂತ್ರಕ್ಕೆ ಹತ್ತಿರ ಸೇರಿಸುವುದಿಲ್ಲ. ಸರಿಯಾಗಿ ನಡೆಯುತ್ತಿರುವುದನ್ನೂ ಅವು ಬದಲಿಸಿಬಿಡುತ್ತವೆ. ಅದರ ಬದಲು, ಎಲ್ಲವೂ ಸುಸೂತ್ರವಾಗಿರುವ ದಿನವೇ ಅದೇ ಪಿಎನ್‌ಪಿಯುಟಿಲ್‌ನಿಂದ ಡ್ರೈವರುಗಳ ಪ್ರತಿಯನ್ನು ಒಂದು ಪೆನ್‌ಡ್ರೈವಿಗೆ ತೆಗೆದಿಟ್ಟು, ಯಾವ ಸಾಧನಕ್ಕೆ ಯಾವುದು, ಯಾವ ಕಾಮ್ ಸಂಖ್ಯೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಸಿಪಿಯು ಪೆಟ್ಟಿಗೆಗೆ ಅಂಟಿಸುವಂತೆ ಪ್ರತಿ ಸೊಸೈಟಿಯೂ ತನ್ನ ರಿಪೇರಿಯವರಿಗೆ ಹೇಳಲಿ. ಅಡಿಕೆ ಸೀಸನ್ ಶುರುವಾಗುವ ಮೊದಲೇ ಹೇಳಲಿ.