ಮಾವ, ಯಾವ ಭಾಷೆ ಕಲೀಲಿ?

ನಮ್ಮಕ್ಕನ ಮಗನಿಗೆ ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿತು. ಕಾಲೇಜು ಶುರುವಾಗಲು ಇನ್ನೂ ಒಂದು ತಿಂಗಳಿತ್ತು. ವಿಜಯನಗರದಲ್ಲಿ ನೆಂಟರೊಬ್ಬರ ಗೃಹಪ್ರವೇಶ. ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವನು ಕೋಸಂಬರಿ ಮೆಲ್ಲುತ್ತಾ ಸುಮ್ನೆ ಕೇಳಿದ, "ಮಾವ, ಕೆಲಸ ಸಿಗಬೇಕು ಅಂದ್ರೆ ಮೊದಲು ಯಾವ ಕಂಪ್ಯೂಟರ್ ಭಾಷೆ ಕಲೀಲಿ?"

ನಾನು ತುತ್ತು ನುಂಗುವಷ್ಟರಲ್ಲಿ ಎದುರು ಪಂಕ್ತಿಯಿಂದ ಉತ್ತರ ಬಂತು. "ಜಾವಾ! ಬ್ಯಾಂಕುಗಳೆಲ್ಲ ಅದರ ಮೇಲೇ ನಿಂತಿರೋದು." ಹೇಳಿದವರು ನಿವೃತ್ತ ಬ್ಯಾಂಕ್ ಮ್ಯಾನೇಜರ್. ಪಾಸ್‌ವರ್ಡ್ ಮರೆತಾಗೆಲ್ಲ ಮಗಳಿಗೆ ಫೋನ್ ಮಾಡುವವರು. "ಅಯ್ಯೋ, ಈಗೇನಿದ್ರೂ ಪೈಥಾನ್," ಅಂದರು ಸೀರೆ ವ್ಯಾಪಾರದ ಚಿಕ್ಕಮ್ಮ. ನಮ್ಮೂರಲ್ಲಿ ಕೆಮ್ಮಿಗೆ ಔಷಧಿ ಹೇಳೋಕೆ ಡಾಕ್ಟರ್ ಆಗಿರಬೇಕಿಲ್ಲ, ಅಲ್ವಾ? ಹಾಗೇ ಇದು. ಅಜ್ಜಿ ಮಾತ್ರ ಸರಿಯಾದ ಪ್ರಶ್ನೆ ಕೇಳಿದರು: "ಆ ಭಾಷೆ ಮಾತಾಡೋ ಜನ ಯಾವ ಊರಲ್ಲಿದ್ದಾರೋ?"

ದೊಡ್ಡಪ್ಪ ನಿಟ್ಟುಸಿರು ಬಿಟ್ಟರು. ಅವರು ಕಲಿತದ್ದು ಕೋಬಾಲ್. 1959ರಲ್ಲಿ ಹುಟ್ಟಿದ ಭಾಷೆ. ಅದರಲ್ಲಿ ಬರೆದ ಎಷ್ಟೋ ಹಳೆಯ ಪ್ರೋಗ್ರಾಮುಗಳು ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದುಕೊಂಡಿದ್ದವು. 2000 ಬಂದರೆ ಕಂಪ್ಯೂಟರಿಗೆ ಅದು 1900 ಅನ್ನಿಸಿಬಿಡುತ್ತದೆ ಎಂದು ಜಗತ್ತು ಹೆದರಿತು. ಆ ಹೆದರಿಕೆಯಲ್ಲಿ ಅವನ್ನು ತಿದ್ದುವ ಕೆಲಸ ಸಿಕ್ಕಿ ದೊಡ್ಡಪ್ಪನ ಮನೆಗೆ ಎರಡನೇ ಮಹಡಿ ಎದ್ದಿತು. 2000ದ ಜನವರಿ ಬಂತು, ದೊಡ್ಡ ಅನಾಹುತವೇನೂ ಆಗಲಿಲ್ಲ, ದೊಡ್ಡಪ್ಪನಿಗೂ ಕೆಲಸವಿರಲಿಲ್ಲ. ಇಪ್ಪತ್ತು ವರ್ಷ ಬಿಟ್ಟು, ಕೊರೊನಾ ಸಮಯದಲ್ಲಿ, ಅಮೆರಿಕದ ನ್ಯೂಜೆರ್ಸಿಯ ಗವರ್ನರ್ ಕೋಬಾಲ್ ಬಲ್ಲವರು ಬೇಕು ಅಂದರು. ದೊಡ್ಡಪ್ಪ ರಾತ್ರೋರಾತ್ರಿ ಪಾಸ್‌ಪೋರ್ಟ್ ಹುಡುಕಿದರು. ಬೆಳಿಗ್ಗೆ ಸುದ್ದಿಯನ್ನು ಪೂರ್ತಿ ಓದಿದರೆ, ಗವರ್ನರ್ ಕೇಳಿದ್ದು ಸ್ವಯಂಸೇವಕರನ್ನು.

ಊಟ ಮುಗಿಸಿ ಹೊರಬಂದರೆ ಕರೆಂಟ್ ಕಂಬದ ಮೇಲೆಲ್ಲ ಪೋಸ್ಟರ್. 'ಫುಲ್ ಸ್ಟ್ಯಾಕ್, 100% ಪ್ಲೇಸ್‌ಮೆಂಟ್.' ಫುಲ್ ಸ್ಟ್ಯಾಕ್ ಅಂದ್ರೆ ವೆಬ್‌ಸೈಟಿನ ಕಾಣುವ ಭಾಗ, ಕಾಣದ ಭಾಗ ಎರಡನ್ನೂ ಕಟ್ಟುವುದು. ಆನೆ ಗಾತ್ರದ ಅಕ್ಷರ. ಕೆಳಗೆ ಇರುವೆ ಗಾತ್ರದಲ್ಲಿ 'ಅಸಿಸ್ಟೆನ್ಸ್.' ಭಾಷೆ ಕಲಿಸುತ್ತಾರೋ ಇಲ್ಲವೋ, ಭಾಷೆಯನ್ನಂತೂ ಧಾರಾಳವಾಗಿ ಕೊಡುತ್ತಾರೆ.

ಅಲ್ಲೇ ಒಂದು ಇನ್‌ಸ್ಟಿಟ್ಯೂಟಿಗೆ ಹೋದೆವು. ಬೆಳಿಗ್ಗೆ ಜಾವಾ, ಸಂಜೆ ಜಾವಾಸ್ಕ್ರಿಪ್ಟ್, ಮೇಷ್ಟ್ರು ಒಬ್ಬರೇ. ಎರಡೂ ಅಣ್ಣತಮ್ಮ ಇರಬೇಕು ಅಂದುಕೊಂಡ ಹುಡುಗ. ಸಂಬಂಧ ಅಷ್ಟಕ್ಕಷ್ಟೇ. 1995ರಲ್ಲಿ ಜಾವಾ ಹೆಸರು ಜೋರಾಗಿ ಓಡುತ್ತಿತ್ತು, ಇದಕ್ಕೂ ಅದನ್ನೇ ಅಂಟಿಸಿದರು. ಬ್ರೆಂಡನ್ ಐಕ್ ಎಂಬಾತ ಜಾವಾಸ್ಕ್ರಿಪ್ಟಿನ ಮೊದಲ ರೂಪವನ್ನು 10 ದಿನದಲ್ಲಿ ಬರೆದು ಮುಗಿಸಿದ್ದ. ಇಲ್ಲಿ ಅದನ್ನು ಕಲಿಸಲು 6 ತಿಂಗಳು, 45 ಸಾವಿರ ರೂಪಾಯಿ. ಕಂತಿನಲ್ಲೂ ಕಟ್ಟಬಹುದಂತೆ. ಎಐ ಬಂದು ಕೋಡನ್ನೆಲ್ಲ ಅದೇ ಬರೆಯುತ್ತಂತಲ್ಲ ಅಂದೆ. ಅದಕ್ಕೂ ಒಂದು ಕೋರ್ಸ್ ಇದೆ ಸರ್, ಅಂದರು.

ಕಾಲೇಜಿನ ಕಥೆ ಬೇರೆ. ಎಷ್ಟೋ ಲ್ಯಾಬುಗಳಲ್ಲಿ ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವ, ಆ ನೀಲಿ ಪರದೆಯ ಟರ್ಬೊ ಸಿ ತಂತ್ರಾಂಶ ತೀರಾ ಈಚಿನವರೆಗೂ ಬದುಕಿತ್ತು. 1987ರದ್ದು, ಹೇಳಿಕೊಡುವ ಕೆಲವು ಮೇಷ್ಟ್ರಿಗಿಂತ ವಯಸ್ಸಿನಲ್ಲಿ ದೊಡ್ಡದು. ಇನ್ನು ಕಂಪನಿ? ಅವರಿಗೆ ಫ್ರೆಶರ್ರೇ ಬೇಕು, ಆದರೆ ಮೂರು ವರ್ಷ ಅನುಭವ ಇರಬೇಕು. ಮೊದಲ ಸುತ್ತಿನಲ್ಲಿ ಕೇಳುವುದು ಜಾವಾನೂ ಅಲ್ಲ, ಪೈಥಾನೂ ಅಲ್ಲ. 200 ಮೀಟರ್ ಉದ್ದದ ರೈಲು ಸೇತುವೆ ದಾಟಲು ಎಷ್ಟು ಸೆಕೆಂಡು ಬೇಕು ಅಂತ. ನಾನೂ ಒಂದು ಕಾಲಕ್ಕೆ ಆ ರೈಲು ದಾಟಿಸಿಯೇ ಒಳಗೆ ಹೋದವನು. ಸಿ ಪ್ಲಸ್ ಪ್ಲಸ್ ಕಲಿತು ಹೋಗಿದ್ದೆ. ಹದಿನೆಂಟು ವರ್ಷದಿಂದ ಎಕ್ಸೆಲ್ ಹಾಳೆಗೆ ಬಣ್ಣ ಹಚ್ಚುತ್ತಿದ್ದೇನೆ. ಇದನ್ನು ಹುಡುಗನಿಗೆ ಹೇಳಲಿಲ್ಲ. ಮಾವನಾಗಿ ಸ್ವಲ್ಪ ಮರ್ಯಾದೆ ಉಳಿಸಿಕೊಳ್ಳಬೇಕಲ್ಲ.

ಹೊರಡುವ ಮುನ್ನ ಹುಡುಗ ಕೌಂಟರಿನಲ್ಲಿದ್ದ ಹುಡುಗಿಯನ್ನು ಕೇಳಿಯೇಬಿಟ್ಟ, "ಅಕ್ಕಾ, ಇಲ್ಲಿ ಕಲಿತವರಿಗೆ ನಿಜವಾಗ್ಲೂ ಕೆಲಸ ಸಿಗುತ್ತಾ?"

"ಸಿಗುತ್ತಪ್ಪ," ಅಂದಳು ರಸೀದಿ ಪುಸ್ತಕ ತೆಗೆಯುತ್ತಾ. "ನಾನೂ ಇಲ್ಲೇ ಪೈಥಾನ್ ಕಲಿತೆ. ಇಲ್ಲೇ ಪ್ಲೇಸ್ ಆದೆ."