ಮೊದಲು ನೆಲ ಸವೆಯಲಿ

ನಿನ್ನೆ ಸಂಜೆಯಿಂದ ತಲೆ ಕಾದಿದೆ. ಇದನ್ನು ಬರೆದು ಮುಗಿಸದೆ ನಿದ್ದೆ ಹತ್ತುವುದಿಲ್ಲ. ಉದ್ದವಾದರೂ ಓದಿ.

ಒಂದೇ ಗುರುಗಳ ಕೈಕೆಳಗೆ ನನ್ನೊಂದಿಗೆ ಬಿದ್ದೆದ್ದು ಕಲಿತ ಗೆಳೆಯನೊಬ್ಬ ಮನೆಗೆ ಬಂದಿದ್ದ. ಬೆಟ್ಟದ ಮೇಲೆ ಜಾಗ ನೋಡಿದ್ದಾನೆ. ಧ್ಯಾನ ಮತ್ತು ಸಮರ ಕಲೆಗಳ ಕೇಂದ್ರ ಕಟ್ಟುತ್ತಾನಂತೆ. ಕೇಳಿದಾಗ ನಿಜಕ್ಕೂ ಖುಷಿಯಾಯಿತು. ಆಮೇಲೆ ಮೊಬೈಲಿನಲ್ಲಿ ನಕ್ಷೆ ತೋರಿಸಿದ. ಕಣಿವೆಗೆ ಮುಖ ಮಾಡಿದ ಗಾಜಿನ ಗೋಡೆಯ ಧ್ಯಾನಮಂದಿರ, ಕನ್ನಡಿಯಂತೆ ಹೊಳೆಯುವ ಮರದ ನೆಲದ ತಾಲೀಮು ಕೋಣೆ, ಇಳಿಜಾರು ಕಡಿದು ಸಾಲಾಗಿ ಕೂರಿಸಿದ ಕುಟೀರಗಳು. ಅದರ ಹಿಂದೆಯೇ ಕರಪತ್ರ: ‘ಏಳು ದಿನಗಳಲ್ಲಿ ನಿಮ್ಮೊಳಗಿನ ಯೋಧನನ್ನು ಎಚ್ಚರಿಸಿ.’ ಕೊನೆಯ ದಿನ ಪ್ರಮಾಣಪತ್ರ. ಮುಖ್ಯ ಶಿಕ್ಷಕರ ಹೆಸರಿನ ಜಾಗ ಖಾಲಿ ಇತ್ತು. ಅಲ್ಲಿಗೆ ನನ್ನ ಹೆಸರು ಕೇಳಲು ಬಂದಿದ್ದ.

ಏಳು ದಿನ! ನನ್ನ ಕಣ್ಣು ಅಲ್ಲೇ ನಿಂತುಬಿಟ್ಟಿತು.

ನಮ್ಮ ಗುರುಗಳು ಮೊದಲ ಆರು ತಿಂಗಳು ನಮಗೆ ಕಲಿಸಿದ್ದು ಬೀಳುವುದನ್ನು ಮಾತ್ರ. ಗದ್ದವನ್ನು ಎದೆಗೆ ಒತ್ತಿ, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಮೈ ನೆಲಕ್ಕೆ ತಾಗುವ ಕ್ಷಣಕ್ಕೆ ಸರಿಯಾಗಿ ಇಡೀ ತೋಳನ್ನು ಚಾಪೆಗೆ ಬಡಿಯಬೇಕು. ಬೇಗ ಬಡಿದರೆ ಮೊಣಕೈ ಗಂಟಿಗೆ ಏಟು, ತಡವಾದರೆ ಉಸಿರು ಕಟ್ಟುತ್ತದೆ. ಮೈ ಮತ್ತು ತೋಳಿನ ಸದ್ದು ಎರಡಾಗಿ ಕೇಳಿದರೆ ‘ಮತ್ತೆ’ ಎನ್ನುತ್ತಿದ್ದರು. ಒಂದೇ ಸದ್ದು ಬರುವವರೆಗೆ ಮುಂದಿನ ಪಾಠವಿಲ್ಲ. ನಾವಿಬ್ಬರೂ ಅಕ್ಕಪಕ್ಕದ ಚಾಪೆಯಲ್ಲಿ ಬಿದ್ದವರು. ಅದನ್ನು ಅವನು ಹೇಗೆ ಮರೆತ ಎಂಬುದೇ ನನ್ನ ಸಂಕಟ.

ಕರಪತ್ರದಲ್ಲಿ ಬೋಧಿಧರ್ಮನ ಚಿತ್ರವೂ ಇದೆ, ಧ್ಯಾನ ಮಾರ್ಗವನ್ನು ಚೀನಾಕ್ಕೆ ಒಯ್ದನೆನ್ನುವ ಬೌದ್ಧ ಭಿಕ್ಷು. ಅವನೇ ಚೀನಾದ ಶಾವೊಲಿನ್ ಮಠದ ಭಿಕ್ಷುಗಳಿಗೆ ಕಾದಾಟ ಕಲಿಸಿದನೆಂದೂ ಅದೇ ಪರಂಪರೆ ಇಲ್ಲಿ ಮುಂದುವರಿಯುತ್ತದೆಂದೂ ಬರೆದಿದೆ. ಸೊಂಗ್ ಪರ್ವತದ ಆ ಮಠ ಶುರುವಾದದ್ದು 495ರಲ್ಲಿ, ಭಾರತದಿಂದ ಹೋಗಿದ್ದ ಬತುವೊ ಎಂಬ ಭಿಕ್ಷುವಿಗಾಗಿ. ಆದರೆ ಬೋಧಿಧರ್ಮನ ಹೆಸರಿಗೆ ವ್ಯಾಯಾಮ ಪದ್ಧತಿಯೊಂದನ್ನು ಜೋಡಿಸಿದ ಗ್ರಂಥ ಬಂದದ್ದು ಸಾವಿರಕ್ಕೂ ಹೆಚ್ಚು ವರ್ಷ ಕಳೆದು, 17ನೆಯ ಶತಮಾನದಲ್ಲಿ. ಮಠದ ಭಿಕ್ಷುಗಳು 621ರ ಕಾಳಗವೊಂದರಲ್ಲಿ ಪಾಲ್ಗೊಂಡಿದ್ದಕ್ಕೆ 728ರ ಶಿಲಾಶಾಸನವಿದೆ. ಅಂದರೆ, ಆ ಬೆಟ್ಟದಲ್ಲಿ ನೂರಕ್ಕೂ ಹೆಚ್ಚು ವರ್ಷ ಪೂಜೆ, ಪಾಠ, ಧ್ಯಾನ ನಡೆದ ಮೇಲಿನ ಮಾತು ಅದು. ಅಲ್ಲಿನ ಸಾವಿರ ಬುದ್ಧರ ಸಭಾಂಗಣದ ಇಟ್ಟಿಗೆ ನೆಲದಲ್ಲಿ 40ಕ್ಕೂ ಹೆಚ್ಚು ಗುಳಿಗಳಿವೆ. ತಲೆಮಾರುಗಟ್ಟಲೆ ಭಿಕ್ಷುಗಳು ಸಾಲಾಗಿ ನಿಂತು ಪಾದ ಊರಿ ಊರಿ ಆದ ಗುಳಿಗಳು ಎನ್ನುತ್ತಾರೆ. ನನ್ನ ಗೆಳೆಯ ತೋರಿಸಿದ ಹೊಳೆಯುವ ನೆಲವನ್ನು ನೋಡುವಾಗ ನನಗೆ ನೆನಪಾದದ್ದು ಆ ಗುಳಿಗಳು.

ಏಳು ದಿನದ ಪಕ್ಕಕ್ಕೆ ಇನ್ನೊಂದು ಲೆಕ್ಕ ಇಡುತ್ತೇನೆ. ಜಪಾನಿನ ಬೌದ್ಧ ಭಿಕ್ಷು ಸೈಚೊ 788ರಲ್ಲಿ ಹಿಯೆಯಿ ಬೆಟ್ಟದ ಮೇಲೆ ಕಟ್ಟಿದ್ದು ಒಂದು ಪುಟ್ಟ ಮಂದಿರ. 818ರಲ್ಲಿ ಶಿಷ್ಯರಿಗೆ ನಿಯಮ ಬರೆದಾಗ ಬೆಟ್ಟದಿಂದ ಇಳಿಯದೆ ಅಲ್ಲೇ ಇರಬೇಕಾದ ಅವಧಿಯನ್ನು 12 ವರ್ಷ ಎಂದು ಗೊತ್ತುಮಾಡಿದ. ಆ ಬೆಟ್ಟದ ಮುಂದಿನ ಕಥೆಯನ್ನೂ ಕೇಂದ್ರ ಕಟ್ಟುವವರು ಓದಬೇಕು. ಶತಮಾನಗಳ ನಂತರ ಅದೇ ಮಠ ಆಯುಧ ಹಿಡಿದ ಭಿಕ್ಷುಗಳ ನೆಲೆಯಾಯಿತು, ಅಧಿಕಾರದ ಜಗಳಗಳಿಗೆ ಇಳಿಯಿತು, 1571ರಲ್ಲಿ ಓದಾ ನೊಬುನಾಗ ಎಂಬ ಸೇನಾಧಿಪತಿಯ ಸೈನ್ಯ ಅದನ್ನು ಸುಟ್ಟುಹಾಕಿತು. ಧ್ಯಾನದ ಪಕ್ಕದಲ್ಲೇ ಹೊಡೆಯುವ ವಿದ್ಯೆಯನ್ನೂ ಇಟ್ಟುಕೊಂಡು ಕೂರುವುದು ಹುಡುಗಾಟವಲ್ಲ.

‘ಈಗ ಯಾರಿಗೆ 12 ವರ್ಷ ಪುರುಸೊತ್ತಿದೆ? ಏಳು ದಿನದ ಶಿಬಿರದಿಂದ ಹಣ ಬಂದರಲ್ಲವೇ ಕೇಂದ್ರ ನಡೆಯುವುದು?’ ಎಂದ ಗೆಳೆಯ, ಇದನ್ನು ಹೇಳಿದಾಗ. ಹಣ ಬೇಕು, ಒಪ್ಪುತ್ತೇನೆ. ಆದರೆ ಇಷ್ಟೊಂದು ಹಣ ಬೇಕಾಗುವುದು ಗಾಜಿನ ಗೋಡೆಗೆ, ಕಲಿಕೆಗಲ್ಲ. ಜೂಡೊ ಹುಟ್ಟುಹಾಕಿದ ಕಾನೊ ಜಿಗೊರೊ 1882ರಲ್ಲಿ ಕೊಡೊಕಾನ್ ಎಂಬ ತನ್ನ ಶಾಲೆ ಶುರುಮಾಡಿದ್ದು ಟೋಕಿಯೋದ ಒಂದು ದೇವಾಲಯದ ಕೋಣೆಯಲ್ಲಿ, 12 ಚಾಪೆ ಮತ್ತು 9 ಶಿಷ್ಯರೊಂದಿಗೆ. ಜೂಡೊ ಲೋಕವೆಲ್ಲ ಹರಡಿದ್ದು ಅಲ್ಲಿಂದ. ಕೇರಳದ ಸಮರ ಕಲೆ ಕಳರಿಪಯಟ್ಟಿನವರು ನೆಲವನ್ನು ಅಗೆದು 42 ಅಡಿ ಉದ್ದ, 21 ಅಡಿ ಅಗಲದ ಕಣ ಮಾಡಿಕೊಂಡರು. ಅಲ್ಲಿ ಹುಡುಗರ ಬೆವರು ಬೀಳುತ್ತಿದ್ದದ್ದು ಬರಿಯ ಮಣ್ಣಿನ ಮೇಲೆ. ಪುರುಸೊತ್ತಿಲ್ಲದವರು ಏಳು ದಿನ ಬರಲಿ, ಬೇಡವೆನ್ನುವುದಿಲ್ಲ. ಏಳು ದಿನವೂ ಬೀಳುವುದನ್ನು ಕಲಿಯಲಿ, ಸುಮ್ಮನೆ ಕೂರುವುದನ್ನು ಕಲಿಯಲಿ, ನೆಲ ಒರೆಸಲಿ. ಪ್ರಮಾಣಪತ್ರ ಮಾತ್ರ ಬೇಡ.

ಈ ವಿಷಯದಲ್ಲಿ ನಾನೇಕೆ ಇಷ್ಟು ಕುದಿಯುತ್ತೇನೆ ಎಂಬುದನ್ನು ಇವತ್ತು ಹೇಳಿಬಿಡುತ್ತೇನೆ. ನಾನೂ ಒಮ್ಮೆ ಒಂದು ವಾರದ ಶಿಬಿರ ನಡೆಸಿದ್ದೆ. ಬಂದವರಿಗೆ ಬೇಸರವಾಗಬಾರದೆಂದು ನಾಲ್ಕನೆಯ ದಿನವೇ ಸೊಂಟದ ಮೇಲೆತ್ತಿ ಎಸೆಯುವ ಪಟ್ಟು ಕಲಿಸಿದೆ. ಒಬ್ಬ ಹುಡುಗ ಬೀಳುವಾಗ ಹೆದರಿ ಕೈ ಚಾಚಿದ, ಭುಜ ಮೊದಲು ನೆಲಕ್ಕೆ ಬಡಿಯಿತು. ಕೊರಳೆಲುಬು (ಕಾಲರ್ ಬೋನ್) ಮುರಿಯಿತು. ಅವನು ಅಳಲಿಲ್ಲ. ಒಂದು ಕೈಯಲ್ಲಿ ಇನ್ನೊಂದು ಕೈಯನ್ನು ಎತ್ತಿ ಹಿಡಿದುಕೊಂಡು, ತಪ್ಪು ತನ್ನದೇ ಎಂಬಂತೆ ನನ್ನ ಮುಖ ನೋಡುತ್ತಿದ್ದ. ತಪ್ಪು ನನ್ನದು. ಆ ನೋಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಆವತ್ತು ಆಸ್ಪತ್ರೆ ಇಪ್ಪತ್ತು ನಿಮಿಷದ ದಾರಿಯಲ್ಲಿತ್ತು.

ಬೆಟ್ಟದ ಮೇಲೆ? ಗೆಳೆಯನನ್ನು ಕೇಳಿದೆ. ‘ನೋಡೋಣ’ ಎಂದ. ನೀರು ಎಲ್ಲಿಂದ? ಬೇಸಗೆಯಲ್ಲೂ ಒರತೆ ಇರುತ್ತದೆಯೇ? ಬಚ್ಚಲ ನೀರು ಕೆಳಗಿನವರು ಕುಡಿಯುವ ನೀರಿಗೆ ಸೇರದ ಹಾಗೆ ಏನು ಮಾಡುತ್ತೀ? ಉತ್ತರವಿಲ್ಲ. ಕುಟೀರಗಳಿಗಾಗಿ ಇಳಿಜಾರಿನ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ, ಮಳೆ ನೀರು ಇಂಗಿ ಭಾರ ಹೆಚ್ಚಿದಾಗ ಗುಡ್ಡವೇ ಜಾರಿ ಬರುತ್ತದೆ. ಜಾಗ 2,500 ಮೀಟರಿಗಿಂತ ಎತ್ತರದಲ್ಲಿದ್ದರೆ ಕೆಳಗಿನಿಂದ ಬಂದವರಿಗೆ ಮೊದಲ ದಿನಗಳಲ್ಲಿ ತಲೆನೋವು, ವಾಕರಿಕೆ ಕಾಡಬಹುದು. ಮೈ ಹೊಂದಿಕೊಳ್ಳುವುದರೊಳಗೆ ಏಳು ದಿನದ ಅರ್ಧ ಮುಗಿದಿರುತ್ತದೆ. ಇದ್ಯಾವುದೂ ನಕ್ಷೆಯಲ್ಲಿಲ್ಲ. ನಕ್ಷೆಯಲ್ಲಿ ಸೂರ್ಯೋದಯವಿದೆ.

ಬೆಟ್ಟ ಬೇಡವೆಂದು ನಾನು ಹೇಳುತ್ತಿಲ್ಲ. ಬೆಳಗಿನ ಜಾವದ ಚಳಿಯಲ್ಲಿ ಬರಿಗಾಲಲ್ಲಿ ನಿಂತು, ಉಸಿರು ಹೊಗೆಯಂತೆ ಹೊರಬರುವುದನ್ನು ನೋಡುತ್ತಾ ಒಂದೇ ವರಸೆಯನ್ನು ನೂರು ಸಲ ಮಾಡುವ ಸುಖ ನನಗೆ ಗೊತ್ತು. ಅದಕ್ಕಾಗಿಯೇ ಸಿಟ್ಟು ಬರುತ್ತದೆ. ಅಷ್ಟು ದೊಡ್ಡದನ್ನು ಏಳು ದಿನಕ್ಕೆ ಕತ್ತರಿಸಿ ಕೊಡುತ್ತಾನೆ, ಅದೂ ನಮ್ಮ ಗುರುಗಳ ಚಾಪೆಯ ಮೇಲೆ ಬಿದ್ದು ಬೆಳೆದವನು.

ಹೆಸರು ಕೊಡುವುದಿಲ್ಲ ಎಂದೆ. ಕಾಫಿ ಅರ್ಧಕ್ಕೇ ಬಿಟ್ಟು ಎದ್ದುಹೋದ. ಬಾಗಿಲಲ್ಲಿ ನಿಂತು ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡನೋ ಇಲ್ಲವೋ, ಆದ್ದರಿಂದ ಇಲ್ಲಿ ಮತ್ತೆ ಬರೆಯುತ್ತೇನೆ: ಕಟ್ಟುವ ಮುಂಚೆ ಒಂದು ಮಳೆಗಾಲ, ಒಂದು ಬೇಸಗೆ ಆ ಬೆಟ್ಟದಲ್ಲಿ ಇರು. ಒಂದು ತಗಡಿನ ಸೂರು, ಹತ್ತು ಚಾಪೆ ಸಾಕು. ಮೊದಲ ತಿಂಗಳು ರಜೆ ಹಾಕಿ ನಾನೂ ಬರುತ್ತೇನೆ, ಬೆಳಗ್ಗೆ ನಾಲ್ಕೂವರೆಗೆ ಎದ್ದು ಇಬ್ಬರೂ ನೆಲ ಗುಡಿಸೋಣ. ಆಮೇಲೆ ಮೊದಲಿನ ಹಾಗೆ ಅಕ್ಕಪಕ್ಕ ಬೀಳೋಣ.